ಸ್ಕೂಟರ್ ಸಾಲ ತೀರಿತ್ತು, ಸಿಬಿಲ್‌ನಲ್ಲಿ ತೀರಿರಲಿಲ್ಲ

ಮದುವೆಯಾಗಿ ಪುಣೆ ಹತ್ತಿರದ ಚಿಂಚವಡಕ್ಕೆ ಬಂದಮೇಲೆ ನಮಗೆ ಕಾರು ಬೇಕು ಅನಿಸಿದ್ದೇ ಇಲ್ಲ. ನನಗೆ ಚಾಕಣದ ಆಫೀಸಿಗೆ ಕಂಪನಿ ಬಸ್ಸು, ಮನೆಯವರಿಗೆ ಭೋಸರಿಯ ವರ್ಕ್‌ಶಾಪಿಗೆ ಬೈಕು, ಊರಿಗೆ ರಾತ್ರಿ ಬಸ್ಸು. ಅತ್ತೆಯವರಿಗೆ ಮಂಡಿ ಆಪರೇಶನ್ ಆದಮೇಲೆ ಮಾತ್ರ ಅವರನ್ನು ಬೆಳಗಾವಿ ಬಸ್ಸು ಹತ್ತಿಸುವುದೇ ದೊಡ್ಡ ಕೆಲಸವಾಯಿತು. ಒಂದು ಸಣ್ಣ ಗಾಡಿ ತಗೊಂಡೇ ಬಿಡೋಣ ಅಂತ ನಿರ್ಧಾರವಾಯಿತು.

ಲೆಕ್ಕ ನನ್ನ ಪಾಲಿಗೆ, ಯಾಕೆಂದರೆ ನಾನು ಅಕೌಂಟ್ಸ್‌ನವಳು. ನೋಡಿದ ಪೆಟ್ರೋಲ್ ಗಾಡಿಯ ಎಕ್ಸ್‌ಶೋರೂಮ್ ಬೆಲೆ 8 ಲಕ್ಷ. ಮಹಾರಾಷ್ಟ್ರದಲ್ಲಿ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ 11%, ಅಂದರೆ 88,000. ಅದರ ಮೇಲೆ ವಿಮೆ, ನೋಂದಣಿ, ಫಾಸ್ಟ್‌ಟ್ಯಾಗ್. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು, ಅದನ್ನು ಮರೆತು ಲೆಕ್ಕ ಹಾಕಿದರೆ ಕೊನೆಗೆ ಕೈ ಕಚ್ಚುತ್ತದೆ. ಕೂಡಿಟ್ಟಿದ್ದನ್ನೆಲ್ಲ ಕಳೆದು ಏಳು ಲಕ್ಷ ಸಾಲ ಬೇಕಾಗಿತ್ತು. ಮನೆಯವರದು ಸ್ವಂತ ಕೆಲಸ, ಒಂದು ವರ್ಷದ ರಿಟರ್ನ್ಸ್ ಇನ್ನೊಂದು ವರ್ಷದಂತಿರುವುದಿಲ್ಲ. ಹಾಗಾಗಿ ಸಾಲ ನನ್ನ ಹೆಸರಲ್ಲಿ, ಅವರು ಸಹ ಅರ್ಜಿದಾರರು ಅಂದುಕೊಂಡೆವು.

ಶೋರೂಮಿನಲ್ಲಿ ಕೋಟೇಶನ್ ಕೇಳಿದಾಗ ಪ್ಯಾನ್, ಆಧಾರ್, ಮೂರು ತಿಂಗಳ ಪಗಾರ ಸ್ಲಿಪ್ ವಾಟ್ಸಾಪ್ ಮಾಡಿ ಅಂದರು. ಕಳಿಸಿದೆ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಒಂದೇ ಸಮ ಟಿಂಗ್ ಅನ್ನತೊಡಗಿತು. ನನ್ನ ಕ್ರೆಡಿಟ್ ವರದಿಯನ್ನು, ಅಂದರೆ ನಾನು ಮಾಡಿದ, ತೀರಿಸಿದ ಸಾಲಗಳ ದಾಖಲೆಯನ್ನು, ಇಂಥ ಬ್ಯಾಂಕು ನೋಡಿದೆ, ಇಂಥ ಫೈನಾನ್ಸ್ ಕಂಪನಿ ನೋಡಿದೆ ಅನ್ನುವ ಮೆಸೇಜುಗಳು. ಇನ್ನೂ ಬಣ್ಣವನ್ನೇ ಆರಿಸಿರಲಿಲ್ಲ, ಅಷ್ಟರಲ್ಲಿ ಫೈನಾನ್ಸ್ ಡೆಸ್ಕಿನವರು ನನ್ನ ಫೈಲನ್ನು ಐದಾರು ಕಡೆ ಸಾಲದ ಅರ್ಜಿಯಾಗಿ ಹಾಕಿಬಿಟ್ಟಿದ್ದರು, ಅವರ ಭಾಷೆಯಲ್ಲಿ ‘ಲಾಗಿನ್’. ಕೋಟೇಶನ್ ಫಾರ್ಮಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಒಪ್ಪಿಗೆ ಇದೆ’ ಅನ್ನುವ ಸಾಲು ಇತ್ತಂತೆ. ಸಂಜೆ ಆ ಹುಡುಗನ ಫೋನು ಬಂತು: ‘ಮ್ಯಾಡಮ್, ಸಿಬಿಲ್ ಥೋಡಾ ಲೋ ಆಹೆ. ಪಣ್ ಆಪಣ್ ಕರೂನ್ ಘೇಊ.’ ಸಾಲ ಹೇಗೆ ತೀರಿಸಿದ್ದೀರಿ ಅನ್ನುವುದಕ್ಕೆ ಬರುವ ಸ್ಕೋರ್ ಕಡಿಮೆ ಇದೆ, ಆದರೂ ಮಾಡಿಸೋಣ ಅಂತ. ಹೇಗೆ ಮಾಡಿಸುತ್ತಾನೆ ಅಂದರೆ, ‘ಫ್ಲಾಟ್ 7%’. ಆ 7ರ ಕಥೆ ಆಮೇಲೆ ಹೇಳುತ್ತೇನೆ.

ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚು. ಕ್ರೆಡಿಟ್ ಕಾರ್ಡಿನ ಬಿಲ್ಲು ಒಮ್ಮೆಯೂ ತಡವಾಗಿಲ್ಲ, ಬೇರೆ ಸಾಲವಿಲ್ಲ. ಕಡಿಮೆಯಾಗಲು ಏನಿದೆ? ನಮ್ಮ ಸೊಸೈಟಿಯಲ್ಲೇ ಜಮಖಂಡಿ ಕಡೆಯ ಒಬ್ಬ ಕಾಕಾ ಇದ್ದಾರೆ, ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಇದ್ದು ನಿವೃತ್ತರಾದವರು. ಅವರ ಬಳಿ ಹೋದೆ. ‘ನಂಬರ್ ನೋಡಿ ಅಂಜಬ್ಯಾಡ ತಂಗಿ. ಅವರು ಹೇಳಿದ್ದು ಬಿಡು, ನೀನ ವರದಿ ತಗಸು. ಒಂದೊಂದ ಹಾಳಿ ತಿರುವಿ ಓದು. ಆಮ್ಯಾಲ ಮಾತಾಡೂಣು’ ಅಂದರು.

ಅವರಿಂದ ತಿಳಿದ ಮೊದಲ ಸಂಗತಿ: ಸಿಬಿಲ್ ಅಂತ ನಾವು ಎಲ್ಲದಕ್ಕೂ ಕರೆಯುತ್ತೇವೆ, ಆದರೆ ನಮ್ಮ ಸಾಲಗಳ ದಾಖಲೆ ಇಟ್ಟು ಸ್ಕೋರ್ ಕೊಡುವ ಅಂಥ ಸಂಸ್ಥೆಗಳು ದೇಶದಲ್ಲಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ 2005ರ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ನಿಗಾದಲ್ಲಿ ನಡೆಯುವಂಥವು. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು, 2017ರಿಂದ ಈ ನಿಯಮವಿದೆ. ಅಂದರೆ ಒಬ್ಬರಿಗೆ ವರ್ಷಕ್ಕೆ ನಾಲ್ಕು ಉಚಿತ ವರದಿ. ನೇರ ಆ ಸಂಸ್ಥೆಗಳ ವೆಬ್‌ಸೈಟಿಗೇ ಹೋಗಿ. ‘ಉಚಿತ ಸ್ಕೋರ್’ ಅನ್ನುವ ಆ್ಯಪ್‌ಗಳಿಗೆ ಪ್ಯಾನ್ ನಂಬರ್ ಕೊಟ್ಟರೆ ವಾರವಿಡೀ ಪರ್ಸನಲ್ ಲೋನ್ ಕರೆಗಳು ಬರುತ್ತವೆ, ನನ್ನ ತಂಗಿಗೆ ಬಂದಿವೆ. ಇನ್ನೊಂದು ಭಯ ಎಲ್ಲರಿಗೂ ಇರುತ್ತದೆ, ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಇಳಿಯುತ್ತದೆ ಅಂತ. ಇಳಿಯುವುದಿಲ್ಲ. ಸಾಲ ಕೊಡುವವರು ನೋಡಿದಾಗ ಮಾತ್ರ ಅದು ವಿಚಾರಣೆಯಾಗಿ ದಾಖಲಾಗುತ್ತದೆ.

ಒಂದು ಕಡೆ ಒಟಿಪಿ ನನ್ನ ಹಳೆಯ ಬೆಳಗಾವಿ ನಂಬರಿಗೆ ಹೋಯಿತು, ಆ ಸಿಮ್ ಎಂದೋ ಬಂದ್ ಆಗಿದೆ. ಅಲ್ಲಿ ಗುರುತಿನ ಚೀಟಿಯ ಪ್ರತಿ ಕಳಿಸಿ ಮೇಲ್‌ನಲ್ಲಿ ತರಿಸಿಕೊಳ್ಳಬೇಕಾಯಿತು, ಅದು ನಿಧಾನ. ಉಳಿದವು ಚಹಾ ಆರುವಷ್ಟರಲ್ಲಿ ಬಂದವು. ಮೊದಲ ವರದಿಯಲ್ಲಿ ಸ್ಕೋರ್ 631. ಅಳತೆ 300ರಿಂದ 900ರವರೆಗೆ. ಸಾಲವನ್ನೇ ಮಾಡದವರಿಗೆ ಅಂಕೆಯೇ ಬರುವುದಿಲ್ಲ, ‘ಎನ್‌ಎಚ್’ ಅಥವಾ ‘-1’ ಅಂತಿರುತ್ತದೆ. ಹಾಗಿದ್ದರೆ ಗಾಬರಿ ಬೇಡ, ಮೊದಲ ಸಾರಿ ಸಾಲ ಕೇಳುವವರಿಗೆ ಇಷ್ಟೇ ಸ್ಕೋರ್ ಇರಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲೂ ಹೇಳಿಲ್ಲ.

ಕಾಕಾ ಹೇಳಿದ ಹಾಗೆ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತೆ. ವರದಿಯ ಮೊದಲ ಭಾಗ ಹೆಸರು, ಹುಟ್ಟಿದ ದಿನ, ಪ್ಯಾನ್, ವಿಳಾಸಗಳು, ಫೋನ್ ನಂಬರುಗಳು. ಇದನ್ನು ಹಾರಿಸಬೇಡಿ. ನನಗೆ ಗೊತ್ತಿಲ್ಲದ ವಿಳಾಸವಿದ್ದರೆ ಬೇರೆಯವರ ಸಾಲ ನನ್ನ ಲೆಕ್ಕಕ್ಕೆ ಸೇರಿರುವ ಸಾಧ್ಯತೆ ಇರುತ್ತದೆ. ಪಾಟೀಲ, ಕುಲಕರ್ಣಿ, ಶೆಟ್ಟಿ ಅನ್ನುವಂಥ ಅಡ್ಡಹೆಸರಿನವರು ಇಲ್ಲಿ ಇನ್ನೊಂದು ಸಾರಿ ಕಣ್ಣಾಡಿಸಿ. ನನ್ನದರಲ್ಲಿ ತವರಿನ ಅಡ್ಡಹೆಸರು, ಗಂಡನ ಮನೆಯ ಅಡ್ಡಹೆಸರು ಎರಡೂ ಇದ್ದವು, ಅದು ಸರಿಯೇ.

ಆಮೇಲೆ ಖಾತೆಗಳು. ಒಂದೊಂದು ಸಾಲಕ್ಕೂ ಒಂದೊಂದು ಚೌಕಟ್ಟು: ಯಾವ ದಿನ ತೆರೆದದ್ದು, ಯಾವಾಗ ಮುಗಿದದ್ದು, ಎಷ್ಟು ಬಾಕಿ, ಅದರಲ್ಲಿ ಗಡುವು ದಾಟಿದ್ದು ಅಂದರೆ ಓವರ್‌ಡ್ಯೂ ಎಷ್ಟು, ಈ ಮಾಹಿತಿ ಕೊನೆಗೆ ಯಾವಾಗ ಬಂದದ್ದು. ಅದರ ಕೆಳಗೆ ತಿಂಗಳಿಗೊಂದರಂತೆ 36 ಸಣ್ಣ ಮನೆಗಳು. ಮನೆಯಲ್ಲಿ 000 ಇದ್ದರೆ ಆ ತಿಂಗಳು ಕಂತು ಸರಿಯಾಗಿ ಹೋಗಿದೆ. ಬೇರೆ ಅಂಕೆ ಇದ್ದರೆ ಅಷ್ಟು ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಅಂದರೆ ಆ ತಿಂಗಳು ಸಾಲ ಕೊಟ್ಟವರು ಮಾಹಿತಿಯನ್ನೇ ಕಳಿಸಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕ್ರೆಡಿಟ್ ಕಾರ್ಡಿನ ಮನೆಗಳೆಲ್ಲ 000, 000, 000. ಮುಂದಿನ ಖಾತೆ ಟೂವೀಲರ್ ಸಾಲ. ಮದುವೆಗೆ ಮೊದಲು ಬೆಳಗಾವಿಯಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ತೆಗೆದದ್ದು. ಆಮೇಲೆ ಒಂದು ದೀಪಾವಳಿಗೆ ಊರಿಗೆ ಹೋದಾಗ ಉಳಿದ ಕಂತುಗಳನ್ನೆಲ್ಲ ಬ್ರಾಂಚಿನಲ್ಲಿ ಒಂದೇ ಗಂಟಿಗೆ ಕಟ್ಟಿ, ರಸೀದಿ, ಸಾಲ ತೀರಿದೆ ಅನ್ನುವ ಎನ್‌ಒಸಿ ಪತ್ರ ಎಲ್ಲ ಇಸಿದುಕೊಂಡು ಬಂದಿದ್ದೆ. ಆ ಸಾಲ ಇಲ್ಲಿ ಜೀವಂತ ಕೂತಿತ್ತು. ಮುಗಿದ ದಿನಾಂಕದ ಜಾಗ ಖಾಲಿ. ಓವರ್‌ಡ್ಯೂ 3,214 ರೂಪಾಯಿ. ಮನೆಗಳಲ್ಲಿ ಬಲಗಡೆಯಿಂದ 000, 000, ಆಮೇಲೆ 30, 61, 91 ಅಂತ ಏರುತ್ತ ಎಡಕ್ಕೆ ಬಂದಹಾಗೆಲ್ಲ ದೊಡ್ಡ ದೊಡ್ಡ ಮೂರಂಕಿ.

3,214 ಎಲ್ಲಿಂದ ಬಂತು ಅನ್ನುವುದನ್ನು ಅವತ್ತು ರಾತ್ರಿಯೇ ಬಿಡಿಸಿದೆ. ನನ್ನ ಕಂತು 2,624. ಅದನ್ನು ಕಳೆದರೆ ಉಳಿದದ್ದು 590. ಅಂದರೆ 500ರ ಮೇಲೆ 18% ಜಿಎಸ್‌ಟಿ, ಪಕ್ಕಾ ಬೌನ್ಸ್ ಚಾರ್ಜು. ನಾನು ಪೂರ್ತಿ ಕಟ್ಟಿದ ಮೇಲೂ ಅವರು ಮುಂದಿನ ತಿಂಗಳ ಕಂತಿಗೆ ನನ್ನ ಹಳೆ ಖಾತೆಗೆ ಆಟೋ ಡೆಬಿಟ್ ಹಾಕಿದ್ದಾರೆ. ಆ ಖಾತೆಯನ್ನು ನಾನು ಮುಚ್ಚಿದ್ದೆ. ಅದು ವಾಪಸು ಹೋಗಿದೆ. ಇಲ್ಲದ ಕಂತು ತಪ್ಪಿದ ಸಾಲಗಾರ್ತಿಯಾಗಿ ವರ್ಷಗಟ್ಟಲೆ ನಾನು ಅವರ ಕಂಪ್ಯೂಟರಿನಲ್ಲಿ ಉಳಿದಿದ್ದೇನೆ. ಒಂದು ಪತ್ರವಿಲ್ಲ, ಒಂದು ಫೋನಿಲ್ಲ. ಹಳೆ ಸಿಮ್‌ಗೆ ಮಾಡಿದ್ದರೋ ಏನೋ.

ಕೊನೆಯ ಭಾಗ ವಿಚಾರಣೆಗಳದು. ಮೊನ್ನೆಯ ಐದಾರೂ ಸಾಲಾಗಿ, ಒಂದೇ ದಿನಾಂಕದಲ್ಲಿ, ‘ಆಟೋ ಲೋನ್, 7,00,000’ ಅಂತ. ನೋಡುವ ಬ್ಯಾಂಕಿಗೆ ಇದು ಹೇಗೆ ಕಾಣುತ್ತದೆ ಅಂತ ಕಾಕಾರನ್ನು ಕೇಳಿದೆ. ‘ಈಕೀ ರೊಕ್ಕಕ್ಕ ಊರೆಲ್ಲಾ ಅಡ್ಡಾಡ್ಯಾಳ ಅನ್ನೂಹಂಗ ಕಾಣತೈತಿ’ ಅಂದರು. ಒಪ್ಪಿಗೆ ಕೊಟ್ಟು ಆದ ವಿಚಾರಣೆಯನ್ನು ಅಳಿಸಲು ಬರುವುದಿಲ್ಲ, ಕಾಲ ಕಳೆದಂತೆ ಅದರ ತೂಕ ಕಡಿಮೆಯಾಗುತ್ತದೆ ಅಷ್ಟೇ. ಶೋರೂಮಿಗೆ ಹೋಗುವವರು ಕಾಗದ ಕೊಡುವ ಮೊದಲು ‘ನನ್ನನ್ನು ಕೇಳದೆ ಎಲ್ಲೂ ಲಾಗಿನ್ ಮಾಡಬೇಡಿ’ ಅಂತ ವಾಟ್ಸಾಪಿನಲ್ಲೇ ಬರೆದು ಹಾಕಿ, ಬರಹದಲ್ಲಿರಲಿ.

ಮನೆಯವರ ವರದಿಯನ್ನೂ ತೆಗೆಸಿದೆ. ಅವರದು ಬೇರೆಯೇ ಕಥೆ. ಗೋಕಾಕ ಕಡೆ ಭಾವ ತೆಗೆದ ಟ್ರ್ಯಾಕ್ಟರ್ ಸಾಲಕ್ಕೆ ಇವರು ಜಾಮೀನು. ಜಾಮೀನು ನಿಂತ ಸಾಲವೂ ನಮ್ಮ ವರದಿಯಲ್ಲೇ ಬರುತ್ತದೆ, ‘ಗ್ಯಾರಂಟರ್’ ಅಂತ. ಟ್ರ್ಯಾಕ್ಟರಿನ ಕಂತು ಆರು ತಿಂಗಳಿಗೊಮ್ಮೆ, ಕಬ್ಬಿನ ಬಿಲ್ಲಿನ ಮೇಲೆ ನಿಂತದ್ದು. ಕಬ್ಬು ತಂದ 14 ದಿನದೊಳಗೆ ಕಾರ್ಖಾನೆ ರೊಕ್ಕ ಕೊಡಬೇಕೆಂದು 1966ರ ಆದೇಶವಿದೆ. ಆದೇಶ ದಿಲ್ಲಿಯಲ್ಲಿ, ಕಬ್ಬು ನಮ್ಮೂರಲ್ಲಿ. ಬಿಲ್ಲು ತಡವಾದ ವರ್ಷ ಕಂತೂ ತಡ, ಇಲ್ಲಿ ಭೋಸರಿಯಲ್ಲಿ ಲೇತ್ ಮಶೀನು ಓಡಿಸುವವರ ವರದಿಯಲ್ಲಿ 45. ಇದು ತಪ್ಪು ಮಾಹಿತಿಯಲ್ಲ, ಖರೆಯೇ. ಖರೆ ಇದ್ದದ್ದನ್ನು ಯಾರೂ ತಿದ್ದುವುದಿಲ್ಲ. ‘ಅಣ್ಣಗ ಏನೂ ಹೇಳಬ್ಯಾಡ, ಮನಸಿಗೆ ಹಚ್ಚಿಕೋತಾನ’ ಅಂದರು ಇವರು. ಹೇಳಲಿಲ್ಲ. ಅವರನ್ನು ಸಹ ಅರ್ಜಿದಾರರಾಗಿ ಸೇರಿಸುವ ವಿಚಾರ ಬಿಟ್ಟೆವು, ಸಾಲ ನನ್ನೊಬ್ಬಳ ಹೆಸರಿಗೇ ಅಂತ ಮಾಡಿದೆವು. ಗಂಡ ಹೆಂಡತಿ ಸೇರಿ ಸಾಲ ಕೇಳುವವರು ಇಬ್ಬರ ವರದಿಯನ್ನೂ ಓದಿ ಆಮೇಲೆ ಯಾರ ಹೆಸರು ಅಂತ ತೀರ್ಮಾನಿಸಿ.

ಶೋರೂಮಿನವನಿಗೆ ಸದ್ಯ ತಡೆ ಅಂದೆ. ಬುಕಿಂಗ್ ಹಣ ಕೊಟ್ಟಿರಲಿಲ್ಲ, ಅದು ನನ್ನ ಪುಣ್ಯ.

ಇನ್ನು ಕಾಗದ ಹುಡುಕಬೇಕು. ಸ್ಕೂಟರು ಈಗ ಬೆಳಗಾವಿಯಲ್ಲಿ ತಮ್ಮನ ಹತ್ತಿರ, ಕಾಗದವೂ ಅಲ್ಲೇ. ತಮ್ಮ ಎರಡು ದಿನ ‘ನೋಡ್ತೀನಿ ನೋಡ್ತೀನಿ’ ಅಂದು ಮೂರನೆಯ ದಿನ ಫೋಟೋ ಕಳಿಸಿದ: ‘ಅಕ್ಕಾ, ಅವ್ವನ ಟ್ರಂಕಿನ್ಯಾಗ ಸಿಕ್ತು ನೋಡು.’ ಎನ್‌ಒಸಿ ಚೆನ್ನಾಗಿಯೇ ಇತ್ತು. ರಸೀದಿ ಮಾತ್ರ ಥರ್ಮಲ್ ಕಾಗದದ್ದು, ಅಕ್ಷರ ಅರ್ಧಕ್ಕರ್ಧ ಹಾರಿಹೋಗಿತ್ತು, ದಿನಾಂಕ ಮತ್ತು ‘ಫೋರ್‌ಕ್ಲೋಶರ್’ (ಅವಧಿಗೆ ಮೊದಲೇ ಪೂರ್ತಿ ತೀರಿಸಿದ್ದು) ಅನ್ನುವಷ್ಟು ಕಾಣುತ್ತಿತ್ತು. ಇಂಥ ರಸೀದಿಗಳನ್ನು ಅವತ್ತೇ ಝೆರಾಕ್ಸ್ ಮಾಡಿಸಿಡಿ. ನನಗೆ ಗಟ್ಟಿ ಆಧಾರವಾದದ್ದು ಆರ್‌ಸಿ. ಸಾಲ ತೀರಿದ ಕೂಡಲೇ ಬೆಳಗಾವಿ ಆರ್‌ಟಿಓದಲ್ಲಿ ಫಾರ್ಮ್ 35 ಕೊಟ್ಟು ಹೈಪೋಥಿಕೇಶನ್, ಅಂದರೆ ಗಾಡಿಯ ಮೇಲೆ ಸಾಲ ಕೊಟ್ಟವರಿಗಿದ್ದ ಹಕ್ಕು, ತೆಗೆಸಿದ್ದೆವು. ಫಾರ್ಮ್ 35ಕ್ಕೆ ಸಾಲ ಕೊಟ್ಟವರೇ ಸಹಿ ಹಾಕಬೇಕು. ಅವರೇ ಸಹಿ ಹಾಕಿ ಗಾಡಿಯನ್ನು ಬಿಡಿಸಿಕೊಟ್ಟ ಮೇಲೆ ಬಾಕಿ ಇದೆ ಅನ್ನುವುದು ಹೇಗೆ? ಡಿಜಿಲಾಕರಿನಿಂದ ಆರ್‌ಸಿ ತೆಗೆದು ಇಟ್ಟುಕೊಂಡೆ.

ಆನ್‌ಲೈನ್ ತಕರಾರು ಹಾಕುವುದು ಸುಲಭ. ವರದಿಯ ಮೇಲೆ ಒಂದು ಕಂಟ್ರೋಲ್ ನಂಬರ್ ಇರುತ್ತದೆ, ಅದೇ ಆಧಾರ. ಯಾವ ಖಾತೆಯ ಯಾವ ಅಂಕೆ ತಪ್ಪು ಅಂತ ಗುರುತು ಮಾಡಬೇಕು. ನಾನು ಮೂರನ್ನು ಗುರುತಿಸಿದೆ: ಬಾಕಿ, ಓವರ್‌ಡ್ಯೂ, ಮುಗಿದ ದಿನಾಂಕ. ಶುಲ್ಕವಿಲ್ಲ. ಆಮೇಲೆ ಕಾಯುವುದು. ಈ ಕಾಯುವಿಕೆಯಲ್ಲಿ ನನಗಿದ್ದ ತಪ್ಪು ಕಲ್ಪನೆ ಹೆಚ್ಚಿನವರಿಗೆ ಇರುತ್ತದೆ. ತಿದ್ದುವುದು ಸಿಬಿಲ್‌ನಂಥ ಸಂಸ್ಥೆ ಅಲ್ಲ. ಅವರು ನಮ್ಮ ತಕರಾರನ್ನು ಸಾಲ ಕೊಟ್ಟವರಿಗೆ ದಾಟಿಸುತ್ತಾರೆ, ಅವರು ಹೌದು ಅಂದರೆ ತಿದ್ದುತ್ತಾರೆ, ಇಲ್ಲ ಅಂದರೆ ಇಲ್ಲ. ನನ್ನ ಫೈನಾನ್ಸ್ ಕಂಪನಿ ಇಲ್ಲ ಅಂದಿತು. ‘ಮಾಹಿತಿ ಸರಿಯಾಗಿದೆ ಎಂದು ಸಾಲದಾತರು ದೃಢಪಡಿಸಿದ್ದಾರೆ’ ಅನ್ನುವ ಮೇಲ್ ಬಂದ ದಿನ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ಸ್ ಗಡಿಬಿಡಿ. ಅಳುವುದಕ್ಕೂ ಪುರುಸೊತ್ತಿಲ್ಲ.

ಶನಿವಾರ ಆ ಕಂಪನಿಯ ಪುಣೆ ಬ್ರಾಂಚಿಗೆ ಹೋದೆ. ಕೌಂಟರಿನ ಹುಡುಗಿ ನನ್ನ ಮೊಬೈಲ್ ನಂಬರ್ ಹಾಕಿದಳು, ಸಿಗಲಿಲ್ಲ. ಈಗಿನ ಹೆಸರು ಹಾಕಿದಳು, ಸಿಗಲಿಲ್ಲ. ಸಾಲ ತವರಿನ ಹೆಸರಲ್ಲಿತ್ತು. ಇಬ್ಬರೂ ಒಬ್ಬಳೇ ಅನ್ನುವುದಕ್ಕೆ ಏನಿದೆ ಅಂದಳು. ಮದುವೆ ಪ್ರಮಾಣಪತ್ರ ತೋರಿಸಿದೆ. ಅದು ಪೂರ್ತಿ ಕನ್ನಡದಲ್ಲಿದೆ. ತಿರುಗಿಸಿ ಮುರುಗಿಸಿ ನೋಡಿ, ‘ಹೇ ಕಾಯ್ ಆಹೆ?’ ಅಂದಳು, ಇದೇನು ಅಂತ. ನಾನು ಓದಿ ಹೇಳಿದರೆ ನಡೆಯುವುದಿಲ್ಲವಂತೆ. ಕೊನೆಗೆ ಎರಡೂ ಹೆಸರು ನನ್ನವೇ ಅನ್ನುವ ಅಫಿಡವಿಟ್ ಆಗಬೇಕು ಅಂದರು. 500ರ ಸ್ಟ್ಯಾಂಪ್ ಪೇಪರು, ಮೇಲೆ ಟೈಪಿಂಗು, ನೋಟರಿ. ಈ ಇಡೀ ಪ್ರಕರಣದಲ್ಲಿ ಕೈಯಿಂದ ಹೋದ ದೊಡ್ಡ ಖರ್ಚು ಇದೇ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಅಕ್ಕತಂಗಿಯರಿಗೆ ಒಂದು ಮಾತು, ಇಂಥ ಒಂದು ಅಫಿಡವಿಟ್ ಮಾಡಿಸಿ ಫೈಲಿನಲ್ಲಿ ಇಟ್ಟಿರಿ. ಆಮೇಲೆ ಕಾರಿನ ಸಾಲಕ್ಕೂ ಅದೇ ಉಪಯೋಗಕ್ಕೆ ಬಂತು.

ಬ್ರಾಂಚಿಗೆ ಹೋಗಿ ಬಂದದ್ದರ ಮೊದಲ ಫಲ ವಸೂಲಿಯವನ ಫೋನು. ಇಷ್ಟು ವರ್ಷ ಕಾಣೆಯಾಗಿದ್ದ ಸಾಲಗಾರ್ತಿಯ ಹೊಸ ನಂಬರು ನಾನೇ ಕೊಟ್ಟು ಬಂದಿದ್ದೆನಲ್ಲ! ಬೆಳಗಾವಿ ಕಡೆಯವನೇ, ಮಾತು ಮೆತ್ತಗೆ: ‘ಮೇಡಂ, ಮೂರು ಸಾವಿರ ಎಲ್ಲಿ ಕಟ್ತೀರಿ, ಎರಡು ಸಾವಿರ ಹಾಕಿಬಿಡ್ರಿ. ಸೆಟಲ್‌ಮೆಂಟ್ ಮಾಡಿ ಕ್ಲೋಸ್ ಮಾಡ್ತೀವಿ. ಇವತ್ತ ಆಗತೈತಿ.’

ನಿಜ ಹೇಳಬೇಕೆಂದರೆ ಆಸೆಯಾಯಿತು. ಎರಡು ಸಾವಿರಕ್ಕೆ ಪೀಡೆ ಕಳೆಯುತ್ತದೆ. ಅತ್ತೆಯವರೂ ‘ಕೊಟ್ಟ ಬಿಡವಾ, ದೃಷ್ಟಿ ತಗದಂಗ ಆತು’ ಅಂದರು. ಕಾಕಾ ಮಾತ್ರ ಕುರ್ಚಿಯಿಂದ ಎದ್ದೇ ಬಿಟ್ಟರು. ‘ಸೆಟಲ್’ ಅಂತ ಬಿದ್ದರೆ, ಪೂರ್ತಿ ಕಟ್ಟಲಾಗದೆ ರಾಜಿಯಾದಳು ಅನ್ನುವ ಅರ್ಥ. ಈ ಸಂಸ್ಥೆಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. ಏಳು ವರ್ಷ ಯಾವ ಬ್ಯಾಂಕಿನವರು ನೋಡಿದರೂ ಹುಬ್ಬು ಏರಿಸುತ್ತಾರೆ. ಬೇಕಾದದ್ದು ‘ಕ್ಲೋಸ್ಡ್’ ಮಾತ್ರ. ನಿಜವಾಗಿ ಬಾಕಿ ಇದ್ದವರೂ ಅಷ್ಟೇ, ಆದಷ್ಟು ಪೂರ್ತಿ ಕಟ್ಟಿ, ‘ಕ್ಲೋಸ್ಡ್’ ಅಂತ ವರದಿ ಮಾಡುತ್ತೇವೆ ಅನ್ನುವುದನ್ನು ಬರಹದಲ್ಲಿ ತೆಗೆದುಕೊಂಡ ಮೇಲೆಯೇ ದುಡ್ಡು ಹಾಕಬೇಕು. ವಸೂಲಿಯವನಿಗೆ ಎನ್‌ಒಸಿ ಫೋಟೋ ಕಳಿಸಿ, ಇನ್ನು ಮಾತು ಮೇಲ್‌ನಲ್ಲಿ ಅಂದೆ. ಒಂದೆರಡು ಸಾರಿ ರಾತ್ರಿ ಎಂಟರ ಮೇಲೆ ಫೋನ್ ಮಾಡಿದ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ ಅಂದೆ. ನಿಂತಿತು.

ಕೆಲಸವಾದದ್ದು ಕಂಪನಿಯಲ್ಲಿ ದೂರುಗಳನ್ನು ನೋಡುವ ನೋಡಲ್ ಅಧಿಕಾರಿಗೆ ಬರೆದ ಪತ್ರದಿಂದ. ಪ್ರತಿ ಫೈನಾನ್ಸ್ ಕಂಪನಿಯ ವೆಬ್‌ಸೈಟಿನಲ್ಲಿ ತಳಕ್ಕೆ ಹೋದರೆ ದೂರು ವಿಭಾಗದಲ್ಲಿ ಅವರ ಹೆಸರು, ಮೇಲ್ ಇರುತ್ತದೆ. ಕಸ್ಟಮರ್ ಕೇರಿನಲ್ಲಿ ಕಳೆದ ಗಂಟೆಗಳನ್ನು ನೆನೆದರೆ ಮೊದಲೇ ಇಲ್ಲಿಗೆ ಬರುವುದು ಒಳ್ಳೆಯದು. ಉದ್ದ ಬರೆಯಲಿಲ್ಲ. ಸಾಲದ ಖಾತೆ ಸಂಖ್ಯೆ, ಪೂರ್ತಿ ಕಟ್ಟಿದ ದಿನ, ಅದರ ನಂತರ ತಪ್ಪಾಗಿ ಹಾಕಿದ ಆಟೋ ಡೆಬಿಟ್, 2,624 ಮತ್ತು 590ರ ಲೆಕ್ಕ, ಜೊತೆಗೆ ಎನ್‌ಒಸಿ, ರಸೀದಿ, ಆರ್‌ಸಿ, ಅಫಿಡವಿಟ್. ಕೆಳಗೆ ಎರಡು ಸಾಲು ಕಾಕಾ ಹೇಳಿಕೊಟ್ಟದ್ದು: ದೂರು ಕೊಟ್ಟ 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಆ ಮೂವತ್ತರಲ್ಲಿ ಸಾಲ ಕೊಟ್ಟವರಿಗೆ 21 ದಿನ, ಉಳಿದದ್ದು ವರದಿ ಸಂಸ್ಥೆಗೆ. ನೂರು ರೂಪಾಯಿ ದೊಡ್ಡದಲ್ಲ, ಆದರೆ ಯಾವ ನಿಯಮದ ಮೇಲೆ ಕೇಳುತ್ತಿದ್ದೇವೆ ಅನ್ನುವುದು ಪತ್ರದಲ್ಲಿದ್ದರೆ ಅದು ಬೇರೆ ಮೇಜಿಗೆ ಹೋಗುತ್ತದೆ ಅನ್ನುವುದು ನನ್ನ ಅನುಭವ.

ಅದಕ್ಕೂ ಬಗ್ಗದಿದ್ದರೆ ಇಂಥ ಕಂಪನಿಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಮುಂಬೈಗೆ ಹೋಗಿ ಫೋರ್ಟ್‌ನ ಆ ದೊಡ್ಡ ಕಟ್ಟಡದೆದುರು ನಿಲ್ಲಬೇಕು ಅಂತ ನಾನು ಅಂದುಕೊಂಡಿದ್ದೆ. ಬೇಕಿಲ್ಲ. ದೂರು ಆನ್‌ಲೈನಿನಲ್ಲೇ ಹೋಗುತ್ತದೆ, ಕಾಗದದ ಮೇಲೆ ಬರೆದರೆ ಅದು ಸೇರುವುದು ಚಂಡೀಗಢಕ್ಕೆ. ಆದರೆ ಮೊದಲು ಕಂಪನಿಗೆ ದೂರು ಕೊಟ್ಟು 30 ದಿನ ಕಾದಿರಬೇಕು, ಅಥವಾ ಅವರ ಉತ್ತರ ಒಪ್ಪಿಗೆಯಾಗದೆ ಇರಬೇಕು. ಹೇಗೆ ಏನು ಅಂತ ಕೇಳಲು 14448ಕ್ಕೆ ಫೋನ್ ಮಾಡಿದೆ. ಭಾಷೆ ಆರಿಸುವಾಗ ಕನ್ನಡವೂ ಇತ್ತು. ಇಷ್ಟು ದಿನ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಜಗಳಾಡಿ ಸಾಕಾಗಿದ್ದವಳಿಗೆ ಆ ಫೋನಿನಲ್ಲಿ ‘ಹೇಳಿ ಮೇಡಂ’ ಅಂದದ್ದು ಕೇಳಿಯೇ ಅರ್ಧ ಆಯಾಸ ಹೋಯಿತು.

ಓಂಬುಡ್ಸ್‌ಮನ್‌ವರೆಗೆ ಹೋಗಬೇಕಾಗಲಿಲ್ಲ. ಗಡುವು ದಾಟಿದ ಮೇಲೆ, ಕ್ಷಮೆ ಕೇಳುವ ಒಂದು ಒಣ ಮೇಲ್ ಬಂತು. ಖಾತೆ ಮುಚ್ಚಲಾಗಿದೆ, ಮಾಹಿತಿ ತಿದ್ದಿ ಕಳಿಸಲಾಗಿದೆ. ದಾಟಿದ ದಿನಗಳ ಲೆಕ್ಕಕ್ಕೆ ಕೆಲವು ನೂರು ರೂಪಾಯಿ ಖಾತೆಗೆ ಬಿತ್ತು. ಅಫಿಡವಿಟ್ಟಿನ ಖರ್ಚಿಗೆ ಅದು ಸಾಲಲಿಲ್ಲ.

ಕಾರು ಬುಕ್ ಮಾಡಲು ಅವತ್ತೇ ಓಡಲಿಲ್ಲ. ಈಗ ಸಾಲ ಕೊಡುವವರು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, 2025ರ ಜನವರಿಯಿಂದ ಹಾಗಾಗಿದೆ, ಮೊದಲು ತಿಂಗಳಿಗೊಮ್ಮೆ ಇತ್ತು. ಆದರೂ ನಾಲ್ಕು ಕಡೆ ಒಂದೇ ದಿನ ಬದಲಾಗಲಿಲ್ಲ. ಎರಡರಲ್ಲಿ ಬೇಗ ಸರಿಯಾಯಿತು, ಒಂದರಲ್ಲಿ ಮುಗಿದ ದಿನಾಂಕ ಬಂದರೂ ಹಳೆಯ ಮೂರಂಕಿಗಳು ಹಾಗೇ ಉಳಿದಿದ್ದವು, ಅಲ್ಲಿ ಮತ್ತೆ ತಕರಾರು. ಖಾತೆ ಮುಚ್ಚುವುದು ಬೇರೆ, ತಿಂಗಳ ಮನೆಗಳನ್ನು 000 ಮಾಡುವುದು ಬೇರೆ. ದೂರಿನಲ್ಲಿ ಎರಡನ್ನೂ ಬಿಡಿಬಿಡಿಯಾಗಿ ಕೇಳಬೇಕು, ನಾನು ಎರಡನೆಯದನ್ನು ಎರಡನೆಯ ಸುತ್ತಿನಲ್ಲಿ ಕೇಳಿದೆ. ಇಲ್ಲಿ ಸಾಲ ಕೇಳುವ ಬ್ಯಾಂಕಿಗೆ ಹೋಗಿ ನೀವು ಯಾರ ವರದಿ ನೋಡುತ್ತೀರಿ ಅಂತ ಕೇಳಿಕೊಂಡೆ. ಅವರು ನೋಡುವುದು ಸರಿಯಾದ ಎರಡರಲ್ಲಿ ಒಂದು. ಸ್ಕೋರ್ 752ಕ್ಕೆ ಬಂದಿತ್ತು.

ಈಗ ಆ ಫ್ಲಾಟ್ 7ರ ವಿಷಯ. ಶೋರೂಮಿನ ಹುಡುಗ ಮತ್ತೆ ಅದನ್ನೇ ತಂದ. ನನ್ನ ಬ್ಯಾಂಕು ಹೇಳಿದ್ದು 9%, ಇವನದು 7%, ಯಾರಾದರೂ ಏಳನ್ನೇ ಆರಿಸುತ್ತಾರೆ. ಪೇಪರಿನ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಫ್ಲಾಟ್ ಅಂದರೆ ಐದೂ ವರ್ಷ ಪೂರ್ತಿ ಏಳು ಲಕ್ಷದ ಮೇಲೆ ಬಡ್ಡಿ: ವರ್ಷಕ್ಕೆ 49,000, ಐದಕ್ಕೆ 2,45,000. ಕಂತು 15,750. ಬ್ಯಾಂಕಿನ 9% ಇಳಿಯುವ ಬಾಕಿಯ ಮೇಲೆ, ಕಂತು 14,531. ತಿಂಗಳಿಗೆ 1,219 ಹೆಚ್ಚು, ಐದು ವರ್ಷಕ್ಕೆ 73,000 ಮೀರುತ್ತದೆ. ಆ ಫ್ಲಾಟ್ 7ನ್ನು ಬ್ಯಾಂಕಿನ ಅಳತೆಗೆ ತಂದರೆ ಸುಮಾರು 12.5%. ಹುಡುಗ ನಕ್ಕು, ‘ಮ್ಯಾಡಮ್ ಸಿಎ ಆಹೇತ್ ಕಾ?’ ಅಂದ, ನೀವು ಸಿಎನಾ ಅಂತ. ಅಲ್ಲಪ್ಪ, ಬರೀ ಅಕೌಂಟೆಂಟ್.

ಹಳೆಯ ಸ್ಕೋರಿನಲ್ಲೇ ಹಟ ಹಿಡಿದು ಬೇರೆಲ್ಲಾದರೂ 11%ಗೆ ತೆಗೆದಿದ್ದರೂ ಕಂತು 15,220 ಆಗುತ್ತಿತ್ತು, ಒಟ್ಟು 41,000ದಷ್ಟು ಹೆಚ್ಚು. 3,214ರ ಒಂದು ಸುಳ್ಳು ಸಾಲಿನ ಬೆಲೆ ಇಷ್ಟು. ಕೆಲವು ಸರ್ಕಾರಿ ಬ್ಯಾಂಕುಗಳು ಯಾವ ಸ್ಕೋರಿಗೆ ಎಷ್ಟು ಬಡ್ಡಿ ಅಂತ ತಮ್ಮ ವೆಬ್‌ಸೈಟಿನಲ್ಲೇ ಹಾಕಿವೆ, ಶೋರೂಮಿಗೆ ಹೋಗುವ ಮೊದಲು ಅದನ್ನು ನೋಡಿಕೊಳ್ಳಿ.

ಮಂಜೂರಾತಿಯಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಲೈಟ್ ಬಿಲ್, ನನ್ನ ಪ್ರಸಿದ್ಧ ಅಫಿಡವಿಟ್. ಸಹಿ ಹಾಕುವ ಮೊದಲು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೇಳಿ ತೆಗೆದುಕೊಳ್ಳಿ. 2024ರ ಅಕ್ಟೋಬರಿನಿಂದ ಹೊಸ ಸಾಲಗಳಿಗೆ ಅದು ಕಡ್ಡಾಯ. ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟು ಅಂತ ಅದರಲ್ಲಿ ಒಂದೇ ಅಂಕೆ ಇರುತ್ತದೆ. ನನ್ನದರಲ್ಲಿ ನಾನು ಕೇಳಿರದ ಒಂದು ಸಾಲದ ವಿಮೆ ಸೇರಿಕೊಂಡಿತ್ತು. ಬೇಡ ಅಂದೆ, ಮರುಮಾತಿಲ್ಲದೆ ತೆಗೆದರು. ಕೇಳದಿದ್ದರೆ ಇರುತ್ತಿತ್ತು. ಅವಧಿಗೆ ಮೊದಲೇ ತೀರಿಸಿದರೆ ಎಷ್ಟು ಚಾರ್ಜು ಅನ್ನುವುದೂ ಅಲ್ಲೇ ಇದೆ. ಕಾರಿನ ಸಾಲ ಫಿಕ್ಸೆಡ್ ದರದ್ದಾದರೆ ಈ ಸಾಲನ್ನು ಎರಡು ಸಲ ಓದಿ.

ಗಾಡಿ ಬಂದಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು, ನನ್ನ ಹೆಸರು, ಎರಡರ ಕಾಗುಣಿತವನ್ನೂ ನೋಡಿಕೊಂಡೆ. ಮೊದಲ ಕಂತು 5ನೇ ತಾರೀಖಿಗೆ ಹೋಗುತ್ತದೆ. ಹೋಗಿ ಹದಿನೈದು ದಿನ ಬಿಟ್ಟು ತಿದ್ದಿದ ಮೇಲೆ ಇನ್ನೂ ನೋಡದೆ ಉಳಿದಿರುವ ನಾಲ್ಕನೆಯ ಸಂಸ್ಥೆಯ ವರದಿಯನ್ನು ತೆಗೆಸಬೇಕು. ಹೊಸ ಸಾಲ ಸರಿಯಾಗಿ ಬಂದಿದೆಯೇ, ಹಳೆಯ ಮೂರಂಕಿಗಳು ಹೋಗಿವೆಯೇ ಎರಡೂ ಅದರಲ್ಲೇ ಗೊತ್ತಾಗುತ್ತದೆ.